ಮೊದಲ ಕೌದಿ ಹೊಲಿಯುವವರಿಗೆ: ಬಟ್ಟೆ ಆರಿಸುವುದರಿಂದ ಅಂಚುಪಟ್ಟಿಯವರೆಗೆ

"ಕೌದಿ ಹೊಲಿಯೋ ಆಸೆ ಇದೆ, ಎಲ್ಲಿಂದ ಶುರು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರಿಗೆ ಹೊಲಿಗೆ ಯಂತ್ರ ನಡೆಸಲು ಬರುತ್ತದೆ. ಯಾರಿಗೆ ಕೊಡಬೇಕು ಅನ್ನುವುದೂ ಮನಸ್ಸಿನಲ್ಲಿ ಗಟ್ಟಿಯಾಗಿದೆ. ತಡೆಯುತ್ತಿರುವುದು ಎರಡೇ ಸಂಗತಿ: ಅಳತೆಯ ಲೆಕ್ಕ, ಮತ್ತು ಮೂರು ಪದರಗಳನ್ನು ಸುಕ್ಕು ಬೀಳದಂತೆ ಕೂಡಿಸುವುದು ಹೇಗೆ ಎಂಬ ಅಳುಕು. ಅದಕ್ಕೇ ಇಲ್ಲಿ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕೌದಿ ಅಂದರೆ ಮೂರು ಪದರ. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಮೇಲ್ಪದರ. ನಡುವೆ ಬೆಚ್ಚಗಿಡುವ ಪದರ. ಇದನ್ನು ಬ್ಯಾಟಿಂಗ್ ಅಥವಾ ವ್ಯಾಡಿಂಗ್ ಎನ್ನುತ್ತಾರೆ. ಕೆಳಗೆ ಒಂದು ಅಡಿಬಟ್ಟೆ. ಮೂರನ್ನೂ ಹಿಡಿದಿಡಲು ಮೇಲಿಂದ ಕೆಳಗಿನವರೆಗೆ ತೂರಿ ಬರುವಂತೆ ಹಾಕುವ ಹೊಲಿಗೆಯೇ ಕ್ವಿಲ್ಟಿಂಗ್. ಕೊನೆಗೆ ಸುತ್ತಲೂ ಅಂಚುಪಟ್ಟಿ, ಅಂದರೆ ಬೈಂಡಿಂಗ್.

ಮೊದಲ ಕೌದಿಯನ್ನು ಚಿಕ್ಕದಾಗಿಯೇ ಹೊಲಿಯಿರಿ. ಜೋಡಿ ಮಂಚಕ್ಕಾಗುವಷ್ಟು ದೊಡ್ಡದನ್ನು ಕೈಗೆತ್ತಿಕೊಂಡವರು ಅರ್ಧಕ್ಕೇ ಮಡಚಿಡುವುದು ಜಾಸ್ತಿ. ಮೇಲ್ಪದರ ಹೊಲಿಯುವುದೇನೋ ಸುಲಭ. ಆದರೆ ಅಷ್ಟು ದೊಡ್ಡ ದಪ್ಪ ಬಟ್ಟೆಯನ್ನು ಮನೆಯ ಯಂತ್ರದ ಕೈಯಡಿ ತೂರಿಸಿ ತಿರುಗಿಸುವುದು ಹೊಸಬರಿಗೆ ನಿಜಕ್ಕೂ ಕಷ್ಟ. ಇಲ್ಲಿನ ಲೆಕ್ಕವೆಲ್ಲ 36 ಇಂಚು ಅಗಲ, 42 ಇಂಚು ಉದ್ದದ ಕೌದಿಗೆ. ಮಗುವಿಗೂ ಆಗುತ್ತದೆ, ದೊಡ್ಡವರು ಕಾಲ ಮೇಲೆ ಹೊದ್ದುಕೊಳ್ಳಲೂ ಆಗುತ್ತದೆ.

ಏನೇನು ಬೇಕು

ಮೇಲ್ಪದರಕ್ಕೆ ಏಳು ಬಗೆಯ ಹತ್ತಿ ಬಟ್ಟೆ, ತಲಾ ಕಾಲು ಮೀಟರ್. ಬಟ್ಟೆಯ ಪನ್ನ ಅಂದರೆ ಅಗಲ 44 ಇಂಚು ಇದೆ ಎಂದು ಇಟ್ಟುಕೊಂಡಿದ್ದೇನೆ. ಅಡಿಬಟ್ಟೆ ಒಂದೂವರೆ ಮೀಟರ್. ಅಂಚುಪಟ್ಟಿಗೆ 40 ಸೆಂಟಿಮೀಟರ್. ಬ್ಯಾಟಿಂಗ್ 42 ಇಂಚು ಅಗಲ, 48 ಇಂಚು ಉದ್ದ.

ತುಂಡು ಜೋಡಿಸಲು 80/12 ನಂಬರಿನ ಸೂಜಿ, ಮೂರು ಪದರ ಹೊಲಿಯಲು 90/14. ಹೊಸ ಕೌದಿಗೆ ಹೊಸ ಸೂಜಿಯನ್ನೇ ಹಾಕಿ. ಮೊಂಡಾದ ಸೂಜಿ ದಪ್ಪ ಪದರದಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಹೋಗುತ್ತದೆ, ನಾವು ಸುಮ್ನೆ ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಇವುಗಳ ಜೊತೆ ಹರಿತವಾದ ಕತ್ತರಿ, ಉದ್ದನೆಯ ಸ್ಕೇಲು, ಟೇಲರ್ ಚಾಕ್, ಗುಂಡುಪಿನ್ನು, ನೂರರಷ್ಟು ಸೇಫ್ಟಿ ಪಿನ್ನು, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್, ಇಸ್ತ್ರಿ ಪೆಟ್ಟಿಗೆ ಇರಲಿ. ಚಕ್ರದಂತೆ ಉರುಳುವ ರೋಟರಿ ಕಟರ್ ಮತ್ತು ಅದರಡಿ ಹಾಸುವ ಮ್ಯಾಟ್ ಇದ್ದರೆ ಕತ್ತರಿಸುವ ಕೆಲಸ ಬೇಗ ಆಗುತ್ತದೆ. ಆದರೆ ಮೊದಲ ಕೌದಿಗೆ ಅವು ಇರಲೇಬೇಕು ಅಂತೇನಿಲ್ಲ. ಗಟ್ಟಿ ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ಅದನ್ನೇ ಅಚ್ಚು ಮಾಡಿಕೊಳ್ಳಿ.

ಹಂತ 1: ಬಟ್ಟೆ ಮತ್ತು ಬ್ಯಾಟಿಂಗ್ ಆಯ್ಕೆ

ಮೇಲ್ಪದರಕ್ಕೆ ಮಧ್ಯಮ ದಪ್ಪದ, ನೇಯ್ಗೆ ಒತ್ತಾಗಿರುವ ಹತ್ತಿ ಬಟ್ಟೆಯೇ ಒಳ್ಳೆಯದು. ಅದು ಜಾರುವುದಿಲ್ಲ, ಇಸ್ತ್ರಿಗೆ ಮಡಿಕೆ ಚೆನ್ನಾಗಿ ಕೂರುತ್ತದೆ. ಎಲ್ಲ ತುಂಡುಗಳ ದಪ್ಪವೂ ಹತ್ತಿರ ಹತ್ತಿರ ಇರಲಿ. ಜೀನ್ಸ್ ಪಕ್ಕದಲ್ಲಿ ತೆಳು ವಾಯಿಲ್ ಕೂರಿಸಿದರೆ ಕೆಲವು ಸಲ ಒಗೆಯುವಷ್ಟರಲ್ಲಿ ತೆಳುವಾದದ್ದು ಜೋಡಣೆಯ ಹತ್ತಿರವೇ ಹರಿಯುತ್ತದೆ.

ಹಳೆಯ ಅಂಗಿ, ಹತ್ತಿ ಸೀರೆ, ಹಾಸಿಗೆ ಬಟ್ಟೆ ಬಳಸಬಹುದೇ? ಖಂಡಿತ ಬಳಸಬಹುದು. ಪ್ರೀತಿಪಾತ್ರರು ಉಟ್ಟು ತೊಟ್ಟ ಬಟ್ಟೆ ಸೇರಿದ ಕೌದಿಗಿಂತ ಒಳ್ಳೆಯ ಉಡುಗೊರೆ ನನಗಂತೂ ಹೊಳೆಯುವುದಿಲ್ಲ. ಆದರೆ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಸವೆದು ಜಾಳಾದ ಭಾಗವನ್ನು ಬಿಟ್ಟು ಗಟ್ಟಿ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ. ಅದರ ಹಿಂದೆ ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸ್ ಹಾಕದೆ ಜೋಡಿಸಬೇಡಿ.

ಬಣ್ಣದ ವಿಷಯಕ್ಕೆ ಬಂದರೆ, ಹೊಸಬರು ಇಷ್ಟದ ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿ, ಕೊನೆಗೆ ಎಲ್ಲವೂ ಒಂದೇ ಗಾಢತೆಯದ್ದಾಗಿ ಚೌಕಗಳೇ ಎದ್ದು ಕಾಣದಂತೆ ಮಾಡಿಕೊಳ್ಳುತ್ತಾರೆ. ಬಣ್ಣಕ್ಕಿಂತ ತಿಳಿ–ಗಾಢದ ವ್ಯತ್ಯಾಸ ಮುಖ್ಯ. ಆರಿಸಿದ ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎಲ್ಲವೂ ಒಂದೇ ಬೂದಿ ಬಣ್ಣ ಕಂಡರೆ ಎರಡು ತಿಳಿ ಬಟ್ಟೆ ಸೇರಿಸಿ. ದೊಡ್ಡ ಹೂವು, ಚಿಕ್ಕ ಚುಕ್ಕಿ, ಸಾದಾ ಬಟ್ಟೆ ಹೀಗೆ ಬೆರೆತಿದ್ದರೆ ಕಣ್ಣಿಗೆ ಹಿತ.

ಬ್ಯಾಟಿಂಗ್‌ನಲ್ಲಿ ಹತ್ತಿಯದು ತೆಳ್ಳಗೆ, ಗಾಳಿಯಾಡುವಂತೆ ಇರುತ್ತದೆ. ಒಗೆದಾಗ ಸ್ವಲ್ಪ ಕುಗ್ಗುತ್ತದೆ. ಪಾಲಿಯೆಸ್ಟರ್ ಹಗುರ, ಉಬ್ಬಿಕೊಂಡಿರುತ್ತದೆ, ಬೇಗ ಒಣಗುತ್ತದೆ. ಆದರೆ ಬಿಸಿ ಇಸ್ತ್ರಿ ತಾಗಿದರೆ ಕರಗಬಹುದು. ಮೊದಲ ಸಲಕ್ಕೆ ಹತ್ತಿ ಅಥವಾ ಹತ್ತಿ ಹೆಚ್ಚಿರುವ ಮಿಶ್ರಣ ಕೊಳ್ಳಿ. ಪದರಗಳು ಒಂದಕ್ಕೊಂದು ಹಿಡಿದುಕೊಂಡು ಜಾರದೆ ಕೂರುತ್ತವೆ. ಬ್ಯಾಟಿಂಗ್ ಸಿಗದಿದ್ದರೆ ಹಳೆಯ ತೆಳು ಕಂಬಳಿಯೋ ಫ್ಲಾನೆಲ್ ಬಟ್ಟೆಯೋ ಸಾಕು. ದಿಂಬಿಗೆ ತುಂಬುವ ಬಿಡಿ ಅರಳೆಯನ್ನು ಮಾತ್ರ ಹರಡಬೇಡಿ, ಒಗೆದ ಕೂಡಲೇ ಗಂಟು ಕಟ್ಟುತ್ತದೆ.

ಹಂತ 2: ಒಗೆದು, ಬಣ್ಣ ಪರೀಕ್ಷಿಸಿ

ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಎಲ್ಲ ಬಟ್ಟೆಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಅದೇ ತೊಂದರೆ. ಅದಕ್ಕೇ ಹೊಸತು ಹಳತು ಬೆರೆಸುವಾಗ ಎಲ್ಲವನ್ನೂ ಮೊದಲೇ ಒಗೆದುಬಿಡಿ.

ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳ ಮೇಲೆ ಕಣ್ಣಿಡಿ. ಒದ್ದೆ ಬಿಳಿ ಬಟ್ಟೆಯನ್ನು ಅವುಗಳ ಮೇಲಿಟ್ಟು ಒತ್ತಿ ಇಸ್ತ್ರಿ ಮಾಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಿರಿ. ಆಮೇಲೂ ಹತ್ತಿದರೆ ಆ ಬಟ್ಟೆ ಎಷ್ಟೇ ಚಂದ ಇದ್ದರೂ ಬದಿಗಿಡಿ. ಕೌದಿ ಮುಗಿದ ಮೇಲೆ ಬಿಳಿ ಚೌಕಕ್ಕೆ ಇಳಿದ ಬಣ್ಣ ತೆಗೆಯುವುದು ಬಲು ಕಷ್ಟ.

ಹಂತ 3: ಲೆಕ್ಕ ಮತ್ತು ಕತ್ತರಿಕೆ

ಸೂತ್ರ ಒಂದೇ. ಹೊಲಿದ ಮೇಲೆ ಕಾಣಬೇಕಾದ ಅಳತೆಗೆ ಅರ್ಧ ಇಂಚು ಸೇರಿಸಿ ಕತ್ತರಿಸಿ. ನಾಲ್ಕೂ ಬದಿಯಲ್ಲಿ ಹೊಲಿಗೆಗೆ ಕಾಲು ಇಂಚು ಬಟ್ಟೆ ಬಿಡಬೇಕಲ್ಲ, ಅದಕ್ಕೆ.

ನಮಗೆ 6 ಇಂಚಿನ ಚೌಕ ಕಾಣಬೇಕು. ಹಾಗಾಗಿ ಕತ್ತರಿಸುವುದು 6.5 ಇಂಚು. ಅಗಲಕ್ಕೆ 6 ಚೌಕ, ಉದ್ದಕ್ಕೆ 7, ಒಟ್ಟು 42. ಪ್ರತಿ ಬಟ್ಟೆಯಿಂದ 6.5 ಇಂಚು ಅಗಲದ ಒಂದು ಪಟ್ಟಿ ಕತ್ತರಿಸಿದರೆ ಅದರಲ್ಲಿ 6 ಚೌಕ ಬರುತ್ತದೆ. ಏಳು ಬಟ್ಟೆಗೆ 42 ಚೌಕ ಸರಿಹೋಯಿತು. ಬಟ್ಟೆಯ ಎರಡು ಬದಿಯ ಒತ್ತು ನೇಯ್ಗೆಯ ಗಟ್ಟಿ ಅಂಚನ್ನು ಮೊದಲೇ ತೆಗೆದುಹಾಕಿ. ಅದು ಬೇರೆ ರೀತಿ ಕುಗ್ಗುತ್ತದೆ.

ಕತ್ತರಿಸುವ ಮುನ್ನ ಇಸ್ತ್ರಿ ಮಾಡಿ. ಚೌಕದ ಬದಿಗಳು ಬಟ್ಟೆಯ ಎಳೆಗೆ ನೇರವಾಗಿರಲಿ. ಓರೆಯಾಗಿ, ಅಂದರೆ ಟೇಲರ್‌ಗಳು ಕ್ರಾಸ್ ಎನ್ನುವ ದಿಕ್ಕಿನಲ್ಲಿ ಕತ್ತರಿಸಿದರೆ ಅಂಚು ಹಿಗ್ಗಿ ಚೌಕ ಚೌಕವಾಗಿ ಉಳಿಯುವುದಿಲ್ಲ. ರಟ್ಟಿನ ಅಚ್ಚು ಬಳಸುವವರು ಪ್ರತಿ ಸಲವೂ ಅದೇ ಅಚ್ಚಿನಿಂದ ಗೆರೆ ಎಳೆಯಿರಿ. ಕತ್ತರಿಸಿದ ಬಟ್ಟೆಯನ್ನೇ ಮುಂದಿನದಕ್ಕೆ ಅಳತೆ ಮಾಡಿಕೊಂಡರೆ ಚೌಕಗಳು ಒಂದೊಂದೇ ಎಳೆ ದೊಡ್ಡದಾಗುತ್ತಾ ಹೋಗುತ್ತವೆ.

ಹಂತ 4: ನೆಲದ ಮೇಲೆ ಹರಡಿ ನೋಡಿ

ಚೌಕಗಳನ್ನು ಏಳು ಸಾಲುಗಳಲ್ಲಿ ಹರಡಿ. ಒಂದು ಸುಲಭದ ದಾರಿ: ಬಟ್ಟೆಗಳಿಗೆ 1ರಿಂದ 7 ನಂಬರ್ ಕೊಡಿ. ಮೊದಲ ಸಾಲು 1ರಿಂದ 6ರವರೆಗೆ, ಎರಡನೆಯದು 2ರಿಂದ 7ರವರೆಗೆ, ಮೂರನೆಯದು 3ರಿಂದ ಶುರುವಾಗಿ 7ರ ನಂತರ 1. ಹೀಗೆ ಸರಿಸುತ್ತಾ ಹೋದರೆ ಬಣ್ಣಗಳು ಓರೆ ಸಾಲಾಗಿ ಇಳಿಯುತ್ತವೆ, ಒಂದೇ ಬಟ್ಟೆ ಅಕ್ಕಪಕ್ಕ ಬರುವುದಿಲ್ಲ. ಮನಸ್ಸಿಗೆ ಬಂದಂತೆಯೂ ಇಡಬಹುದು. ಒಪ್ಪಿಗೆಯಾದ ಮೇಲೆ ಫೋಟೋ ತೆಗೆದಿಟ್ಟುಕೊಳ್ಳಿ, ಪ್ರತಿ ಸಾಲಿಗೂ ನಂಬರ್ ಚೀಟಿ ಪಿನ್ ಮಾಡಿ.

ಹಂತ 5: ಮೇಲ್ಪದರ ಜೋಡಣೆ

ಈ ಹಂತದಲ್ಲಿ ಎಲ್ಲವೂ ಕಾಲು ಇಂಚಿನ ಮೇಲೆ ನಿಂತಿದೆ. ಪ್ರತಿ ಬದಿಯಲ್ಲಿ ಒಂದೇ ಒಂದು ಮಿಲಿಮೀಟರ್ ಜಾಸ್ತಿ ಹಿಡಿದು ಹೊಲಿದಿರಿ ಅನ್ನಿ. ಒಂದು ಜೋಡಣೆಗೆ ಎರಡು ಮಿಲಿಮೀಟರ್ ಹೋಯಿತು. ಒಂದು ಸಾಲಿನಲ್ಲಿ ಐದು ಜೋಡಣೆ, ಅಂದರೆ ಸಾಲೇ ಒಂದು ಸೆಂಟಿಮೀಟರ್ ಗಿಡ್ಡವಾಯಿತು. ಎಲ್ಲ ಸಾಲೂ ಒಂದೇ ರೀತಿ ಗಿಡ್ಡವಾದರೆ ಚಿಂತೆಯಿಲ್ಲ. ಒಂದೊಂದು ಒಂದೊಂದು ಥರ ಆದಾಗಲೇ ಚೌಕದ ಮೂಲೆಗಳು ಕೂಡುವುದಿಲ್ಲ.

ಶುರು ಮಾಡುವ ಮೊದಲು ಈ ಪರೀಕ್ಷೆ ಮಾಡಿ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು. ಕಡಿಮೆ ಇದ್ದರೆ ನಿಮ್ಮ ಹೊಲಿಗೆ ಅಂಚಿನಿಂದ ಜಾಸ್ತಿ ಒಳಗಿದೆ. ಮಡಿಕೆಯೇ ಒಂದೆರಡು ಎಳೆಯಷ್ಟು ಬಟ್ಟೆ ತಿನ್ನುತ್ತದೆ, ಹಾಗಾಗಿ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಹಿಡಿಯಬೇಕಾಗಬಹುದು. ಸರಿಯಾದ ಜಾಗ ಸಿಕ್ಕ ಮೇಲೆ ಯಂತ್ರದ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿಕೊಂಡೇ ಹೊಲಿಯಿರಿ. ಹೊಲಿಯುವಾಗ ಸೂಜಿ ನೋಡಬೇಡಿ, ಟೇಪ್ ನೋಡಿ.

ಎರಡು ಚೌಕಗಳ ಸೀದಾ ಬದಿಗಳನ್ನು ಒಂದಕ್ಕೊಂದು ಎದುರಾಗಿಟ್ಟು, 2ರಿಂದ 2.5 ಹೊಲಿಗೆ ಉದ್ದದಲ್ಲಿ ಹೊಲಿಯಿರಿ. ಜೋಡಿ ಮುಗಿದಾಗ ದಾರ ಕತ್ತರಿಸದೆ ಮುಂದಿನ ಜೋಡಿಯನ್ನು ಹಾಗೇ ಸೂಜಿಯಡಿ ಕೊಡಿ. ಚೈನ್ ಪೀಸಿಂಗ್ ಎನ್ನುವ ಈ ಕ್ರಮದಲ್ಲಿ ದಾರವೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

ಸಾಲು ಮುಗಿದಾಗಲೆಲ್ಲ ಇಸ್ತ್ರಿ. ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಇಟ್ಟು ಒತ್ತಿ. ಉಜ್ಜಿದರೆ ಸಾಲು ಬಿಲ್ಲಿನಂತೆ ಬಾಗುತ್ತದೆ. ಒಂದು ಸಾಲಿನ ಹೊಲಿಗೆ ಅಂಚುಗಳನ್ನೆಲ್ಲ ಎಡಕ್ಕೆ ಮಡಚಿದರೆ ಮುಂದಿನ ಸಾಲಿನವನ್ನು ಬಲಕ್ಕೆ ಮಡಚಿ. ಎರಡು ಸಾಲು ಕೂಡಿಸುವಾಗ ಎದುರುಬದುರು ಮಡಿಕೆಗಳು ಒಂದರೊಳಗೊಂದು ಕೂತು ಮೂಲೆಗಳು ತಾವಾಗಿ ಸೇರುತ್ತವೆ. ಬೆರಳಿಟ್ಟು ಸವರಿದರೆ ಗೊತ್ತಾಗುತ್ತದೆ. ಅಲ್ಲೊಂದು ಪಿನ್ನು ಹಾಕಿ ಹೊಲಿಯಿರಿ. ಸೂಜಿ ಬಂದಾಗ ಪಿನ್ನು ತೆಗೆಯಲು ಮರೆಯಬೇಡಿ.

ಹಂತ 6: ಮೂರು ಪದರ ಹಾಸುವುದು

ಕೌದಿಯ ಹಿಂಬದಿಯಲ್ಲಿ ಸುಕ್ಕು ಬಿತ್ತು ಅಂದರೆ ಮುಕ್ಕಾಲು ಪಾಲು ಈ ಹಂತದಲ್ಲಿ ಅವಸರ ಮಾಡಿದ್ದೇ ಕಾರಣ. ಅರ್ಧ ದಿನ ಬಿಡುವಾಗಿದ್ದಾಗ ಮಾತ್ರ ಕೂರಿ.

ಅಡಿಬಟ್ಟೆಯನ್ನೂ ಬ್ಯಾಟಿಂಗನ್ನೂ ಮೇಲ್ಪದರಕ್ಕಿಂತ ಪ್ರತಿ ಬದಿಗೆ ಸುಮಾರು 3 ಇಂಚು ದೊಡ್ಡದಾಗಿ ಇಟ್ಟುಕೊಳ್ಳಿ. ಹೊಲಿಯುವಾಗ ಪದರಗಳು ಸ್ವಲ್ಪ ಸರಿಯುತ್ತವೆ, ಆ ಹೆಚ್ಚುವರಿ ಅಂಚು ನಿಮ್ಮನ್ನು ಉಳಿಸುತ್ತದೆ.

ಗುಡಿಸಿ ಒರೆಸಿದ ನೆಲದ ಮೇಲೆ ಅಡಿಬಟ್ಟೆಯನ್ನು ಉಲ್ಟಾ ಹಾಸಿ. ಒಂದು ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಎದುರು ಬದಿಯನ್ನು ಹಿತವಾಗಿ ಎಳೆದು ಹಚ್ಚಿ. ಹಾಗೇ ಉಳಿದೆರಡು ಬದಿ. ಸುಕ್ಕು ಇರಬಾರದು, ಆದರೆ ಬಿಗಿಯಾಗಿ ಜಗ್ಗಲೂಬಾರದು. ಜಗ್ಗಿದರೆ ಟೇಪ್ ಬಿಚ್ಚಿದ ಕೂಡಲೇ ಬಟ್ಟೆ ಮುದುಡಿ ಮೇಲಿನ ಪದರಗಳನ್ನೂ ಎಳೆದುಕೊಳ್ಳುತ್ತದೆ. ಅದರ ಮೇಲೆ ಬ್ಯಾಟಿಂಗ್ ಇಟ್ಟು ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಕೊನೆಗೆ ಇಸ್ತ್ರಿ ಮಾಡಿದ ಮೇಲ್ಪದರ, ಸೀದಾ ಬದಿ ಮೇಲೆ.

ಈಗ ಸೇಫ್ಟಿ ಪಿನ್ನುಗಳು. ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಿ. ಎಲ್ಲಿ ಅಂಗೈ ಊರಿದರೂ ಒಂದು ಪಿನ್ನು ತಾಗಬೇಕು, ಅಂದರೆ ಸುಮಾರು 4 ಇಂಚಿಗೊಂದು. ಹೊಲಿಗೆ ಗೆರೆ ಬರುವ ಜಾಗ ತಪ್ಪಿಸಿ ಹಾಕಿ. ಪಿನ್ನು ಇಲ್ಲದವರು ಉದ್ದುದ್ದ ಕಚ್ಚಾ ಹೊಲಿಗೆ ಹಾಕಬಹುದು. ಬೇರೆ ಬಣ್ಣದ ದಾರವಿದ್ದರೆ ಆಮೇಲೆ ಬಿಚ್ಚಲು ಸುಲಭ. ಟೇಪ್ ತೆಗೆದು ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿ. ಎಲ್ಲಾದರೂ ಸುಕ್ಕು ಕಂಡರೆ ಅಲ್ಲಿನ ಪಿನ್ನು ಬಿಚ್ಚಿ ಈಗಲೇ ಸರಿಮಾಡಿ. ಹೊಲಿಯುವಾಗ ಸರಿಹೋಗುತ್ತದೆ ಅಂತ ಬಿಡಬೇಡಿ, ಸರಿಹೋಗುವುದಿಲ್ಲ.

ಹಂತ 7: ಕ್ವಿಲ್ಟಿಂಗ್

ಮೂರು ದಾರಿಗಳಿವೆ.

ಯಂತ್ರದಲ್ಲಾದರೆ ವಾಕಿಂಗ್ ಫುಟ್ ಕೊಳ್ಳುವುದು ಸಾರ್ಥಕ. ಮಾಮೂಲಿ ಪಾದದಡಿ ಕೆಳಗಿನ ಬಟ್ಟೆ ಮುಂದೆ ಸಾಗುತ್ತದೆ, ಮೇಲಿನದು ಹಿಂದುಳಿಯುತ್ತದೆ. ವಾಕಿಂಗ್ ಫುಟ್ ಮೇಲಿನ ಪದರವನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಜೋಡಣೆಯ ಗೆರೆಯ ಮೇಲೆಯೇ ಹೊಲಿಯಿರಿ ಎಂದು ಹಲವರು ಹೇಳುತ್ತಾರೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಸೂಜಿ ಚೂರು ಅತ್ತಿತ್ತ ಹೋದರೂ ಎದ್ದು ಕಾಣುತ್ತದೆ. ಬದಲಿಗೆ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆ ಗೆರೆ ಹೊಲಿಯಿರಿ. ಗುರುತು ಹಾಕುವ ಕೆಲಸವೂ ಕಡಿಮೆ. ಗೆರೆಗಳ ನಡುವಿನ ಅಂತರ ಸುಮಾರು 4.25 ಇಂಚು ಬರುತ್ತದೆ. ಬ್ಯಾಟಿಂಗ್ ಪ್ಯಾಕೆಟ್ಟಿನ ಮೇಲೆ ಹೊಲಿಗೆಗಳ ನಡುವೆ ಗರಿಷ್ಠ ಎಷ್ಟು ಅಂತರ ಇರಬಹುದು ಎಂದು ಬರೆದಿರುತ್ತದೆ. ಅದಕ್ಕಿಂತ ದೂರ ಬಿಟ್ಟರೆ ಒಗೆದಾಗ ಒಳಗಿನ ಹತ್ತಿ ಜರುಗಿ ಗುಡ್ಡೆಯಾಗುತ್ತದೆ.

ಹೊಲಿಗೆ ಉದ್ದ 3ಕ್ಕೆ ಇಡಿ. ಕೌದಿಯ ನಡುವಿನ ಗೆರೆಯಿಂದ ಶುರು ಮಾಡಿ, ಅಲ್ಲಿಂದ ಹೊರಬದಿಗೆ ಸಾಗಿ. ಒಂದು ಪಕ್ಕವನ್ನು ಚಾಪೆಯಂತೆ ಸುರುಳಿ ಸುತ್ತಿದರೆ ಯಂತ್ರದ ಕೈಯಡಿ ಹಿಡಿಯುತ್ತದೆ. ಉಳಿದ ಭಾರವೆಲ್ಲ ಮೇಜಿನ ಮೇಲಿರಲಿ. ಕೌದಿ ಕೆಳಗೆ ಜೋತುಬಿದ್ದರೆ ಬಟ್ಟೆ ಹಿಂದಕ್ಕೆ ಎಳೆದು ಹೊಲಿಗೆ ಒಂದು ಕಡೆ ಚಿಕ್ಕದು, ಒಂದು ಕಡೆ ದೊಡ್ಡದು ಆಗುತ್ತದೆ. ಪ್ರತಿ ಗೆರೆ ಮುಗಿದಾಗಲೂ ಹಿಂಬದಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೈಹೊಲಿಗೆ ಮಾಡುವವರಿಗೆ ಸಾದಾ ಓಟದ ಹೊಲಿಗೆ ಸಾಕು. ದಾರ ಒಂದೂವರೆ ಅಡಿಗಿಂತ ಉದ್ದ ಬೇಡ, ಸಿಕ್ಕು ಬೀಳುತ್ತದೆ. ದಾರದ ತುದಿಗೆ ಪುಟ್ಟ ಗಂಟು ಹಾಕಿ, ಮೇಲಿಂದ ಚುಚ್ಚಿ ಹಿತವಾಗಿ ಎಳೆದರೆ ಗಂಟು ಬಟ್ಟೆ ದಾಟಿ ಬ್ಯಾಟಿಂಗ್ ಒಳಗೆ ಅಡಗುತ್ತದೆ. ಹೊಲಿಗೆ ತೀರಾ ಸಣ್ಣದಿರಬೇಕು ಎಂದು ಕಣ್ಣು ಬೇಯಿಸಿಕೊಳ್ಳಬೇಡಿ. ಒಂದೇ ಅಳತೆಯಲ್ಲಿದ್ದರೆ ದಪ್ಪ ಹೊಲಿಗೆಯೂ ಚೆಂದವೇ. ಮಧ್ಯದ ಬೆರಳಿಗೆ ಥಿಂಬಲ್ ಅಂದರೆ ಲೋಹದ ಟೋಪಿ ಹಾಕಿಕೊಳ್ಳಿ, ಇಲ್ಲದಿದ್ದರೆ ಬೆರಳು ನೋಯುತ್ತದೆ.

ಮೂರನೆಯದು ಗಂಟು ಕಟ್ಟುವುದು. ದಪ್ಪ ಹತ್ತಿ ದಾರವನ್ನು ಮೂರೂ ಪದರ ದಾಟಿಸಿ ಮೇಲೆ ತಂದು, ಒಮ್ಮೆ ಬಲದ ತುದಿ ಎಡದ ಮೇಲೆ, ಒಮ್ಮೆ ಎಡದ ತುದಿ ಬಲದ ಮೇಲೆ ಹಾಕಿ ಬಿಗಿಯಿರಿ. ಪ್ರತಿ ಚೌಕದ ಮೂಲೆಗೊಂದು, ನಡುವಿಗೊಂದು ಗಂಟು ಬಂದರೆ ಅಂತರ ಸರಿಹೋಗುತ್ತದೆ. ಬೇಗ ಮುಗಿಯುತ್ತದೆ. ಆದರೆ ಮಗುವಿನ ಕೌದಿಗೆ ಇದು ಬೇಡ; ಮಕ್ಕಳು ದಾರದ ತುದಿಯನ್ನು ಎಳೆದು ಬಾಯಿಗೆ ಹಾಕುತ್ತಾರೆ.

ಗೆರೆ ಗುರುತಿಸಲು ಇಸ್ತ್ರಿಗೆ ಮಾಯವಾಗುವ ಪೆನ್ನುಗಳಿವೆಯಲ್ಲ, ಅವುಗಳ ಗುರುತು ತುಂಬಾ ಚಳಿಯಲ್ಲಿ ಮತ್ತೆ ಮೂಡಬಹುದು. ಚಾಕ್ ಅಥವಾ ಟೇಪ್ ಬಳಸಿದರೆ ಈ ತಾಪತ್ರಯವಿಲ್ಲ.

ಹಂತ 8: ಅಂಚುಪಟ್ಟಿ

ಹೆಚ್ಚುವರಿ ಬ್ಯಾಟಿಂಗ್ ಮತ್ತು ಅಡಿಬಟ್ಟೆಯನ್ನು ಮೇಲ್ಪದರದ ಸಮಕ್ಕೆ ಕತ್ತರಿಸಿ, ಮೂಲೆಗಳು ನೇರವಾಗಿವೆಯೇ ನೋಡಿ. ಸುತ್ತಳತೆ 156 ಇಂಚು; ಮೂಲೆ ಮತ್ತು ಜೋಡಣೆಗೆ ಇನ್ನು 12 ಇಂಚು ಬೇಕು. 2.5 ಇಂಚು ಅಗಲದ ಐದು ಪಟ್ಟಿ ಕತ್ತರಿಸಿ ಒಂದೇ ಉದ್ದ ಪಟ್ಟಿ ಮಾಡಿಕೊಳ್ಳಿ. ಪಟ್ಟಿಗಳನ್ನು ಓರೆಯಾಗಿ ಜೋಡಿಸಿದರೆ ಒಂದೇ ಕಡೆ ದಪ್ಪ ಗಂಟಾಗುವುದಿಲ್ಲ. ಸೀದಾ ಬದಿ ಒಳಗಾಗದಂತೆ, ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ.

ಕೌದಿಯ ಮುಂಬದಿಯಲ್ಲಿ, ಒಂದು ಬದಿಯ ನಡುವಿನಿಂದ ಶುರು ಮಾಡಿ. ಪಟ್ಟಿಯ ಶುರುವಿನ ತುದಿಯನ್ನು ಅರ್ಧ ಇಂಚು ಒಳಮಡಚಿ. ಪಟ್ಟಿಯ ಬಿಚ್ಚು ಅಂಚನ್ನು ಕೌದಿಯ ಅಂಚಿಗೆ ಕೂಡಿಸಿ, ಮೂರು ಇಂಚು ಬಿಟ್ಟು ಹೊಲಿಗೆ ಹಾಕುತ್ತಾ ಬನ್ನಿ. ಅಳತೆ ಇಲ್ಲೂ ಕಾಲು ಇಂಚೇ.

ಮೂಲೆ ಹೀಗೆ: ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ಹಿಂದೆಮುಂದೆ ಹೊಲಿದು ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ. ಅಲ್ಲೊಂದು ಓರೆ ಮಡಿಕೆ ಬೀಳುತ್ತದೆ. ಆ ಮಡಿಕೆಯನ್ನು ಬೆರಳಿನಿಂದ ಹಿಡಿದುಕೊಂಡು ಪಟ್ಟಿಯನ್ನು ಕೆಳಕ್ಕೆ ಮಡಚಿ, ಹೊಸ ಬದಿಯ ಅಂಚಿಗೆ ಕೂಡಿಸಿ. ಮೇಲಿನ ತುದಿಯಿಂದಲೇ ಮತ್ತೆ ಹೊಲಿಗೆ ಶುರು ಮಾಡಿ. ಓದುವಾಗ ಗೊಂದಲ ಅನಿಸಿದರೆ ಒಂದು ಕಾಗದ ಮತ್ತು ಒಂದು ರಿಬ್ಬನ್ ಇಟ್ಟುಕೊಂಡು ಒಮ್ಮೆ ಮಡಚಿ ನೋಡಿ, ಕೈಗೆ ತಿಳಿದುಬಿಡುತ್ತದೆ.

ಸುತ್ತು ಮುಗಿದಾಗ ಕೊನೆಯ ತುದಿಯನ್ನು ಶುರುವಿನ ಮಡಿಕೆಯೊಳಗೆ ಸೇರಿಸಿ ಹೊಲಿಯಿರಿ. ಪಟ್ಟಿಯನ್ನು ಹಿಂಬದಿಗೆ ತಿರುಗಿಸಿ, ಯಂತ್ರದ ಹೊಲಿಗೆ ಮುಚ್ಚುವಂತೆ ಕೂರಿಸಿ ಕೈಯಿಂದ ಹೆಮ್ಮಿಂಗ್ ಮಾಡಿ. ಯಂತ್ರದಲ್ಲೂ ಮುಗಿಸಬಹುದು. ಉಡುಗೊರೆ ಕೊಡುವುದಾದರೆ ಕೈಹೊಲಿಗೆಯೇ ಇರಲಿ ಎನ್ನುವುದು ನನ್ನ ಒತ್ತಾಯ, ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ.

ಉಡುಗೊರೆ ಕೊಡುವ ಮುನ್ನ

ಪಿನ್ನುಗಳನ್ನು ಎಣಿಸಿ. ಹಾಕುವಾಗ ಎಷ್ಟಿದ್ದವೋ ಈಗಲೂ ಅಷ್ಟೇ ಇರಬೇಕು.

ಮಗುವಿಗೆ ಕೊಡುವುದಾದರೆ ಗುಂಡಿ, ಮಣಿ, ಲೇಸು ಬೇಡ. ಜೊತೆಗೆ ಇದೊಂದು ಮಾತನ್ನು ತಾಯ್ತಂದೆಗೆ ತಿಳಿಸಲೇಬೇಕು. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಕೌದಿ, ದಿಂಬು, ಸಡಿಲ ಹೊದಿಕೆ ಇರಬಾರದು. ಮುಖದ ಮೇಲೆ ಬಂದರೆ ಉಸಿರುಕಟ್ಟುವ ಅಪಾಯವಿದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇದನ್ನೇ ಹೇಳುತ್ತದೆ. ದೊಡ್ಡವರು ಪಕ್ಕದಲ್ಲೇ ಇದ್ದು, ಮಗು ಎಚ್ಚರವಾಗಿರುವಾಗ ನೆಲಕ್ಕೆ ಹಾಸಿ ಆಡಿಸಲು ಕೊಡಿ.

ವಯಸ್ಸಾದವರಿಗೆ ಕೊಡುವಾಗ ತೂಕ ಕಡಿಮೆಯಿರಲಿ, ತೆಳು ಬ್ಯಾಟಿಂಗ್ ಆರಿಸಿ. ಒದ್ದೆಯಾದ ಕೌದಿಯ ಭಾರ ಎತ್ತಿ ಹಿಂಡುವುದು ಅವರಿಗೆ ಕಷ್ಟ. ಮದುವೆಯಂತಹ ನಿಗದಿತ ದಿನಕ್ಕೆ ಕೊಡುವುದಿದ್ದರೆ ಅಂಚುಪಟ್ಟಿಯ ಕೈಹೊಲಿಗೆಗೆ ಕೆಲವು ಸಂಜೆಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಎಲ್ಲರೂ ಸಮಯ ಕಡಿಮೆ ಅಂದಾಜು ಮಾಡುವುದು ಈ ಕೆಲಸಕ್ಕೇ.

ಹಿಂಬದಿಯ ಮೂಲೆಯಲ್ಲಿ ಪುಟ್ಟ ಬಟ್ಟೆಯ ಚೀಟಿ ಹೊಲಿಯಿರಿ. ಯಾರಿಗೆ, ಯಾರು ಹೊಲಿದದ್ದು, ಯಾವ ವರ್ಷ, ಇಷ್ಟು ಸಾಕು. ದಾರದಲ್ಲಿ ಕಸೂತಿ ಹಾಕಬಹುದು, ಅಳಿಸದ ಶಾಯಿಯ ಪೆನ್ನಿನಲ್ಲಿ ಬರೆಯಲೂಬಹುದು.

ಕೊಡುವ ಮೊದಲು ನೀವೇ ಒಮ್ಮೆ ಒಗೆಯಿರಿ. ಚಾಕ್ ಗುರುತು ಹೋಗುತ್ತದೆ, ಸಡಿಲ ಹೊಲಿಗೆ ಇದ್ದರೆ ಗೊತ್ತಾಗುತ್ತದೆ, ಹತ್ತಿ ಬ್ಯಾಟಿಂಗ್ ಕುಗ್ಗಿ ಮೆದುವಾದ ನಿರಿಗೆ ಮೂಡುತ್ತದೆ. ತಣ್ಣೀರು, ಸೌಮ್ಯ ಸೋಪು. ಬಲವಾಗಿ ಹಿಂಡದೆ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ನೆರಳಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ಒಂದೇ ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಪೂರ್ತಿ ಒಣಗಿದ್ದು ಖಾತ್ರಿಯಾದ ಮೇಲೆ, ಪ್ಲಾಸ್ಟಿಕ್ ಚೀಲದ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ಒಗೆಯುವ ಕ್ರಮವನ್ನು ಒಂದು ಕಾಗದದಲ್ಲಿ ಬರೆದು ಜೊತೆಗಿಡಿ. ಹೇಗೆ ಒಗೆಯುವುದು ಅಂತ ತಿಳಿಯದವರು ಹಾಳಾದೀತೆಂದು ಹೆದರಿ ಕೌದಿಯನ್ನು ಕಪಾಟಿನಲ್ಲೇ ಇಟ್ಟುಬಿಡುತ್ತಾರೆ.